ಚೌತಿ ಚಂದ್ರನೂ ಪೆಟಿ ಥೆಫ್ಟೂ

ಟಕ್. ಎರಡು ಮರದ ಹಲಗೆಗಳು ಒಂದಕ್ಕೊಂದು ಬಡಿದ ಸದ್ದು. ನಮ್ಮ ಕಾನ್ವೆಂಟಿನ ಸಿಸ್ಟರ್ ಬಾಯಿಗಿಂತ ಹೆಚ್ಚಾಗಿ ಆ ಕ್ಲಾಪರಿನಿಂದಲೇ ಮಾತಾಡುತ್ತಿದ್ದರು. ವೊಕ್ಯಾಬ್ಯುಲರಿ ಪೀರಿಯಡ್ಡಿನಲ್ಲಿ ಒಮ್ಮೆ ಅಪರಾಧಗಳ ಸರದಿ ಬಂತು. ಟಕ್, ಗೊತ್ತಾಗದಂತೆ ಎತ್ತಿಕೊಂಡರೆ ಥೆಫ್ಟ್. ಟಕ್, ಹೆದರಿಸಿ ಕಿತ್ತುಕೊಂಡರೆ ರಾಬರಿ. ಟಕ್, ಮನೆಯೊಳಗೆ ನುಗ್ಗಿ ಕದ್ದರೆ ಬರ್ಗ್ಲರಿ. ಅಂಗಡಿಯಲ್ಲಾದರೆ ಶಾಪ್‌ಲಿಫ್ಟಿಂಗ್, ನಂಬಿ ಒಪ್ಪಿಸಿದ್ದನ್ನು ನುಂಗಿದರೆ ಎಂಬೆಝಲ್‌ಮೆಂಟ್. ಬಿಳಿ ಸಾಕ್ಸ್ ಹಾಕಿ, ಎರಡು ಜಡೆ ಮಡಚಿ ಕಟ್ಟಿಕೊಂಡ, ಜಿರಳೆ ಕಂಡರೆ ಬೆಂಚು ಹತ್ತುವ ಇಡೀ ತರಗತಿಯ ಹುಡುಗಿಯರು "ಆರ್ಸನ್, ಫೋರ್ಜರಿ, ಬ್ಲ್ಯಾಕ್‌ಮೇಲ್" ಎಂದು ರಾಗವಾಗಿ ಹಾಡುತ್ತಿದ್ದೆವು. ದಾರಿಯಲ್ಲಿ ಹೋಗುವವರು ಪ್ರೇಯರ್ ನಡೆಯುತ್ತಿದೆ ಎಂದುಕೊಂಡಿರಬೇಕು.

ಕನ್ನಡದಲ್ಲೂ ಕಳವು, ಸುಲಿಗೆ, ದರೋಡೆ, ಕನ್ನ ಎಲ್ಲ ಇವೆ, ಇಲ್ಲವೆಂದಲ್ಲ. ಆದರೆ ಕುಮಟೆಯ ನಮ್ಮ ಮನೆಯಲ್ಲಿ ಬಾವಿಕಟ್ಟೆಯ ಕೊಡಪಾನ ಹೋದರೂ, ಹಿತ್ತಿಲ ತೆಂಗಿನಕಾಯಿ ಹೋದರೂ ಅಮ್ಮ ಹೇಳುತ್ತಿದ್ದುದು ಒಂದೇ, "ಯಾರೋ ಹೊತ್ಕ ಹೋದ್ರು." ನನಗೆ ಅದು ಸಾಲುತ್ತಿರಲಿಲ್ಲ. ಮುಂದೆ ಭಟ್ಕಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವಾಗ ಈ ಪಾಠವೆಂದರೆ ನನಗೆ ಹಬ್ಬ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಅಕ್ಕೋರೆ, ಮೀನುಬುಟ್ಟಿಯಿಂದ ಕಾಗೆ ಬಂಗಡೆ ಎತ್ಕಂಡು ಹೋದ್ರೆ ಅದು ಎಂತ?" ಎಂದು ಕೇಳಿದ್ದಳು. ಕ್ಷಣವೂ ತಡೆಯದೆ "ಸ್ನ್ಯಾಚಿಂಗ್" ಎಂದೆ. ಅವಳು ತಮಾಷೆ ಮಾಡುತ್ತಿದ್ದಳೆಂದು ಹೊಳೆಯುವಷ್ಟರಲ್ಲಿ ನನಗೆ ರಿಟೈರ್‌ಮೆಂಟ್ ಬಂದಿತ್ತು.

ಈಗ ನಾನಿರುವುದು ಹೊನ್ನಾವರದಲ್ಲಿ. ಬೇಲಿಯಾಚೆ ಮಾದೇವಿಯ ಮನೆ. ಎರಡು ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಅದಕ್ಕಿಂತ ದೊಡ್ಡ ಮರ್ಯಾದೆಯೆಂದರೆ, ಕೇರಿಯಲ್ಲಿ ಯಾರು ಪರವೂರಿಗೆ ಹೊರಟರೂ ಮನೆಯ ಕೀಲಿಕೈ ಅವಳ ಕೈಗೆ ಕೊಟ್ಟು ಹೋಗುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿಕೊಂಡ ಆ ಗೊಂಚಲನ್ನು ಅವಳು ಬಂಗಾರದ ಡಾಬಿನಂತೆ ಧರಿಸುತ್ತಿದ್ದಳು.

ಚೌತಿಯ ದಿನ ಚಂದ್ರನನ್ನು ನೋಡಿದರೆ ಕಳ್ಳತನದ ಸುಳ್ಳು ಅಪವಾದ ಬರುತ್ತದೆಂದು ಎಲ್ಲರಿಗೂ ಗೊತ್ತು. ಅಪ್ಪಿತಪ್ಪಿ ನೋಡಿದವರಿಗೆ ನಮ್ಮ ಕಡೆ ಒಂದು ಪರಿಹಾರವಿದೆ. ನೆರೆಮನೆಯ ಬಳ್ಳಿಯಿಂದ ಸೌತೆಕಾಯಿಯನ್ನೋ ಮತ್ತೊಂದನ್ನೋ ಕದ್ದು, ಅವರಿಂದ ಚೆನ್ನಾಗಿ ಬೈಸಿಕೊಳ್ಳಬೇಕು. ಬೈಗುಳದಲ್ಲೇ ದೋಷ ಕಳೆಯುತ್ತದೆ.

ಕಳೆದ ಚೌತಿಯ ಸಂಜೆ ಮಳೆ ಹೊಳವಾಗಿ ಆಕಾಶ ತಿಳಿಯಾಗಿತ್ತು. ಜಗಲಿಯಲ್ಲಿ ಕೂತಿದ್ದೆ. ಮಾದೇವಿ ಬೇಲಿ ದಾಟಿ ಬಂದು, ನನ್ನ ಕಣ್ಣೆದುರಿಗೇ ನಮ್ಮ ಬಳ್ಳಿಯಿಂದ ಒಂದು ಎಳೆ ಸೌತೆಕಾಯಿ ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡಳು. ಓಡಲಿಲ್ಲ, ನಿಂತಳು.

"ಇನ್ನೊಂದು ಕೊಯ್ಕೊ ಮಾದೇವಿ, ಅದು ಸಣ್ಣದಾಯ್ತು" ಎಂದೆ.

"ಅಯ್ಯೋ ಹಂಗಲ್ಲ ಅಕ್ಕೋರೆ! ಒಣಗಿದ ಬಟ್ಟೆ ತೆಗೀವಾಗ ಚಂದ್ರನ್ನ ಕಂಡ್ಬಿಟ್ಟೆ. ಬೈರಿ ನನಗೆ."

"ಒಂದು ಕಾಯಿಗೆ ಬೈತಾರೇನೆ?"

"ನೀವು ಬೈಯ್ದೆ ನಾ ಹೋಗುದಿಲ್ಲ. ಊರವರ ಕೀಲಿ ಇಟ್ಕಂಡವಳು ನಾನು. ಅಪವಾದ ಬಂದ್ರೆ ಎಂತ ಮಾಡುದು? ಬಾಯ್ತುಂಬ ಬೈರಿ!"

ನಾನು ಗಂಟಲು ಸರಿಮಾಡಿಕೊಂಡು "ಕಳ್ಳಿ" ಎಂದೆ.

"ಇದೆಂತದು, ಕೂಸಿಗೆ ಲಾಲಿ ಹಾಡ್ದಂಗೆ! ನಮ್ಮತ್ತೆ ಆಗಿದ್ರೆ ಇಷ್ಟೊತ್ತಿಗೆ ನನ್ನ ಏಳು ತಲೆಮಾರು ಎತ್ತಿ ಒಗೀತಿತ್ತು. ಬೈಯುಕೂ ಬರುದಿಲ್ವಾ ನಿಮಗೆ?"

ಬರುವುದಿಲ್ಲ ಎನ್ನುವುದು ನಿಜ. ಆದರೆ ನಲವತ್ತು ವರ್ಷ ಮಕ್ಕಳನ್ನು ಹೆದರಿಸಿದವಳಿಗೆ ಹಾಗೆ ಕೇಳಿದರೆ? ಎದ್ದು ನಿಂತೆ. ಸೊಂಟಕ್ಕೆ ಕೈ ಕೊಟ್ಟೆ. "ಥೀಫ್! ಬರ್ಗ್ಲರ್! ಹೌ ಡೇರ್ ಯೂ, ಮಾದೇವಿ! ದಿಸ್ ಈಸ್ ಟ್ರೆಸ್‌ಪಾಸ್! ದಿಸ್ ಈಸ್ ಡೇಲೈಟ್ ರಾಬರಿ! ಐ ವಿಲ್ ಕಾಲ್ ದ ಪೊಲೀಸ್!" ಒಂದಕ್ಕೊಂದು ಪೋಣಿಸಿಕೊಂಡು ಬಂದವು. ತೆಂಗಿನ ಮರದ ಕಾಗೆಗಳು ಎದ್ದವು.

"ಹಾಂ, ಈಗ ಆತು!" ಮಾದೇವಿಯ ಮುಖ ಅರಳಿತು. "ಒಂದು ಶಬ್ದ ತಿಳೀಲಿಲ್ಲ, ಆದ್ರೆ ಎದೆ ಧಸಕ್ ಅಂತು ನೋಡಿ." ನಗುತ್ತ ಹೋದಳು. ನಾನು ಖುಷಿಗೆ ಇನ್ನೊಂದು ಲೋಟ ಚಹಾ ಮಾಡಿಕೊಂಡೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಶ್ವೇತಾ ಮುಂಬಯಿಯಲ್ಲಿ ಬೆಳೆದ ಹುಡುಗಿ. ಕನ್ನಡ ಬರದು, ಇಂಗ್ಲಿಷ್ ಸೊಗಸಾಗಿದೆ. ಹಾಗಾಗಿ ಮೇಲಿನಿಂದ ಕೇಳಿಸಿಕೊಂಡ ಅಷ್ಟೂ ಸಂಭಾಷಣೆಯಲ್ಲಿ ನನ್ನ ಬೈಗುಳವೊಂದೇ ಅವಳಿಗೆ ಅರ್ಥವಾಗಿತ್ತು. ಬೆಳಿಗ್ಗೆ ಕೇರಿಯ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಮೆಸೇಜು: "ಬರ್ಗ್ಲರಿ ಇನ್ ಅವರ್ ಕಾಂಪೌಂಡ್. ಮ್ಯಾಡಮ್ ಕಾಟ್ ಮಾದೇವಿ ರೆಡ್ ಹ್ಯಾಂಡೆಡ್. ಪ್ಲೀಸ್ ಬಿ ಕೇರ್‌ಫುಲ್."

ಓದಿದ ನಾನು ಏನು ಮಾಡಬೇಕಿತ್ತು? ಇದು ಚೌತಿಯ ಆಟ, ಮಾದೇವಿ ಕದ್ದಿಲ್ಲ, ಎನ್ನಬೇಕಿತ್ತು. ಆದರೆ ನನ್ನ ಕಣ್ಣು ನೆಟ್ಟದ್ದು ಬರ್ಗ್ಲರಿ ಎಂಬ ಒಂದು ಶಬ್ದದ ಮೇಲೆ. ಕನ್ನಡಕ ಒರೆಸಿಕೊಂಡು ಟೈಪ್ ಮಾಡಿದೆ: "ಶ್ವೇತಾ ಡಿಯರ್, ಇಟ್ ಈಸ್ ನಾಟ್ ಬರ್ಗ್ಲರಿ. ಶೀ ಡಿಡ್ ನಾಟ್ ಎಂಟರ್ ದ ಹೌಸ್. ಅಟ್ ಮೋಸ್ಟ್, ಪೆಟಿ ಥೆಫ್ಟ್." ಕಾಮಾ, ಫುಲ್‌ಸ್ಟಾಪುಗಳನ್ನು ಸರಿಯಾಗಿ ಹಾಕಿ ಕಳಿಸಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಸಾಲಾಗಿ ಹೆಬ್ಬೆರಳುಗಳು ಎದ್ದಿದ್ದವು. ತಪ್ಪು ತಿದ್ದಿದ್ದಕ್ಕೆ ಮೆಚ್ಚಿಕೊಂಡಿದ್ದಾರೆ ಎಂದು ಹಿಗ್ಗಿದೆ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಒಂದೊಂದಾಗಿ ಕೀಲಿಕೈಗಳು ವಾಪಸು ಹೋದವು. ಅಡುಗೆಗೆ ಬರುವುದು ಬೇಡ ಎಂದವರೂ ಇದ್ದರು. ಗಾಬರಿಯಾಗಿ ಮನೆಮನೆಗೆ ಹೋಗಿ, ಚಂದ್ರ, ಸೌತೆಕಾಯಿ ಎಂದು ವಿವರಿಸಿದೆ. ಮೂಲೆಮನೆಯ ಶಾಂತಾ ನನ್ನ ಕೈ ಹಿಡಿದುಕೊಂಡು, "ಚೌತಿ ಕಳವು ನಮಗೂ ಗೊತ್ತು ಅಕ್ಕೋರೆ. ಅದಕ್ಕೆ ಯಾರಾದ್ರೂ ಪೊಲೀಸ್ ಕರೀತೆ ಅಂತಾರ್ಯ? ಮೇಲಿಂದ ನೀವೇ ಥೆಫ್ಟ್ ಅಂತ ಬರ್ದೀರಿ. ಪಾಪ, ಮುಚ್ಚಿಡುಕೆ ನೋಡ್ತೀರಿ, ನಿಮ್ಮದು ದೊಡ್ಡ ಮನಸ್ಸು" ಎಂದಳು. ಗ್ರೂಪಿನಲ್ಲಿ ಕನ್ನಡದಲ್ಲಿ ಉದ್ದನೆಯ ಕ್ಷಮಾಪಣೆ ಹಾಕಿದೆ. ಅದರ ಮೇಲೆ ಯಾರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದರು.

ಮಾದೇವಿಯ ಮುಂದೆ ಹೋಗಿ ನಿಂತಾಗ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬೈದದ್ದಕ್ಕೆ ನನಗೆ ಬೇಜಾರಿಲ್ಲ ಅಕ್ಕೋರೆ. ಬೈರಿ ಅಂದವಳು ನಾನೇ. ಮೊಬೈಲಲ್ಲಿ ಬರೀರಿ ಅಂತ ನಾ ಹೇಳಿರ್ಲಿಲ್ಲ."

ದೀಪಾವಳಿಯ ಹೊತ್ತಿಗೆ ಅವಳು ಮಂಕಿ ಎಂಬ ಊರಿನಲ್ಲಿದ್ದ ತಂಗಿಯ ಮನೆಗೆ ಹೋಗಿಬಿಟ್ಟಳು.

ಕೊನೆಯ ಸಲ ಕಂಡದ್ದು ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ. ಭಟ್ಕಳದ ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಳು. ನಾನು ಕುಮಟೆಗೆ ಹೊರಟವಳು ಪಕ್ಕದಲ್ಲಿ ಕೂತೆ. ನನ್ನ ಕಾಲುನೋವು ಹೇಗಿದೆ ಎಂದು ಕೇಳಿದಳು. ನನ್ನ ಜೀವಕ್ಕೆ ಎಷ್ಟು ಹಗುರವಾಯಿತೆಂದರೆ, ಎಲ್ಲ ಮೊದಲಿನಂತೆಯೇ ಆಯಿತೆಂದು ನಂಬಿ, ಎಂದಿನ ರೂಢಿಯಲ್ಲಿ ನನ್ನ ಚೀಲವನ್ನು ಅವಳತ್ತ ಚಾಚಿ, "ಸ್ವಲ್ಪ ಹಿಡ್ಕೊಳೇ, ಬಾತ್‌ರೂಮಿಗೆ ಹೋಗಿ ಬರ್ತೇನೆ" ಎಂದೆ.

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ ಅಕ್ಕೋರೆ. ನಿಮ್ಮ ಚೀಲ ನಿಮ್ಮ ಹತ್ರವೇ ಇರ್ಲಿ."

ಬಾತ್‌ರೂಮಿನ ಬಾಗಿಲಿಗೆ ಚಿಲಕವಿರಲಿಲ್ಲ, ಚೀಲ ನೇತುಹಾಕಲು ಮೊಳೆಯೂ ಇರಲಿಲ್ಲ. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಚೀಲ, ಹಲ್ಲಿನಲ್ಲಿ ಸೀರೆಯ ನೆರಿಗೆ. ಹಾಗೆ ನಿಂತಿರುವಾಗ ಹೊರಗೆ ಕಂಡಕ್ಟರ್ "ಮಂಕಿ, ಮುರ್ಡೇಶ್ವರ, ಭಟ್ಕಳ" ಎಂದು ಕೂಗುತ್ತಿದ್ದ. ಹೊರಬರುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು.