ಕಾಕಾನ ಖಾನೆಗಳು

ನಮ್ಮ ಕಾಕಾ ಮನುಷ್ಯರನ್ನು ನಂಬುವವನಲ್ಲ. ಎರಡೂ ತುದಿಗೆ ಚೀಟಿ ಅಂಟಿಸಿದ ಕೇಬಲ್ ಆದರೆ ಕಣ್ಣುಮುಚ್ಚಿ ನಂಬುತ್ತಾನೆ! ಅವನ ಹೆಂಡತಿ, ನಮ್ಮ ಕಾಕು, ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೂ ಒಂದು ಚೀಟಿ ಅಂಟಿಸಿದ್ದನೆಂದು ಅಜ್ಜಿ ಹೇಳುತ್ತಾಳೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ, ಪೂರ್ತಿ ಅಲ್ಲಗಳೆಯುವುದೂ ಇಲ್ಲ.

ಪುಣೆಯ ಒಂದು ಡೇಟಾ ಸೆಂಟರಿನಲ್ಲಿ ಅವನ ನೌಕರಿ. ದೊಡ್ಡ ಪೆಟ್ಟಿಗೆಯ ಖಾನೆಗಳಲ್ಲಿ ಸರ್ವರ್ ಎಂಬ ಕಂಪ್ಯೂಟರುಗಳನ್ನು ಕೂರಿಸಿ, ಆ ಪೆಟ್ಟಿಗೆಯನ್ನು ಹೊರಗಿನ ನೆಟ್‌ವರ್ಕಿಗೆ ಜೋಡಿಸುವುದು ಕೆಲಸ. ಆ ಕೋಣೆ ಸದಾ ತಂಪಂತೆ. ಆದ್ದರಿಂದ ಬಿರುಬೇಸಿಗೆಯಲ್ಲಿ ನಮ್ಮೂರು ಮುಚ್ಚಂಡಿಗೆ ಬಂದರೂ ಮಹಾರಾಯ ಸ್ವೆಟರ್ ಕಳಚುತ್ತಿರಲಿಲ್ಲ!

"ಯಾಕೋ, ಜ್ವರಾ ಬಂದಾವೇನು?" ಎಂದು ಅಜ್ಜಿ ಕೇಳಿದರೆ, "ರೂಢಿ ತಪ್ಪಬಾರದವ್ವಾ" ಎನ್ನುತ್ತ ಬೆವರು ಒರೆಸಿಕೊಳ್ಳುತ್ತಿದ್ದ.

"ಒಂದ ಹಾದಿ ನಂಬಬಾರದು, ಎರಡಿರಬೇಕು" ಎಂಬುದು ಅವನ ಮೊದಲ ಮಂತ್ರ. ಒಂದು ಕೇಬಲ್ ಕೆಟ್ಟರೆ ಇನ್ನೊಂದು ಬೇಕಲ್ಲ! ಸರಿ, ಒಂದು ದೀಪಾವಳಿಗೆ ಊರಿಗೆ ಬರುವಾಗ ಒಂದು ಚೀಲವನ್ನು ಗೆಳೆಯನ ಕೈಲಿ ಮೊದಲ ಬಸ್ಸಿಗೆ ಕಳಿಸಿ, ಇನ್ನೊಂದನ್ನು ಹೊತ್ತು ತಾನು ಆಮೇಲಿನ ಬಸ್ಸಿಗೆ ಬಂದ. ಮೊದಲ ಬಸ್ಸು ಹಾದಿಯಲ್ಲಿ ಕೆಟ್ಟು ನಿಂತಿತು. ಅಂಗಿಗಳೆಲ್ಲ ಬಂದವು, ಪ್ಯಾಂಟುಗಳೆಲ್ಲ ಅಲ್ಲೇ ಉಳಿದವು! ಎರಡೂ ಚೀಲದಲ್ಲಿ ಎರಡನ್ನೂ ಇಡಬೇಕೆಂದು ಸಣ್ಣ ಕೂಸಿಗೂ ಹೊಳೆಯುತ್ತಿತ್ತು. ನಮ್ಮ ತಜ್ಞ ಮಾತ್ರ ಬಸ್ಸಿನಲ್ಲಿ ಮಾಸಿದ ಪ್ಯಾಂಟು ಬಿಚ್ಚಿ, ಲಕ್ಷ್ಮೀಪೂಜೆಗೆ ಸ್ವೆಟರಿನ ಕೆಳಗೆ ಅಜ್ಜನ ಧೋತರ ಸುತ್ತಿಕೊಂಡು ಕುಳಿತ.

ಎರಡನೆಯ ಮಂತ್ರ ಇನ್ನೂ ಘೋರ. ಕೆಟ್ಟ ಸರ್ವರ್ ತೆಗೆದು ಹೊಸದನ್ನು ಕೂರಿಸಿದರೆ ನೆಟ್‌ವರ್ಕು "ನೀ ಯಾರು?" ಎಂದು ತಕರಾರು ತೆಗೆಯುತ್ತದಂತೆ. ಅದಕ್ಕೆ ಗುರುತನ್ನು ಸರ್ವರಿಗೆ ಕೊಡದೆ ಖಾನೆಗೇ ಕೊಟ್ಟುಬಿಡುವುದು. ಆ ಖಾನೆಯಲ್ಲಿ ಯಾರು ಕೂತರೂ ಹಳೆಯ ಹೆಸರಿಗೇ ಓಗೊಡಬೇಕು. ಒಳ್ಳೆಯದು, ಪುಣೆಯಲ್ಲಿ ಮಾಡಿಕೊಳ್ಳಲಿ! ಈ ಪುಣ್ಯಾತ್ಮ ನಮ್ಮ ಅಡುಗೆಮನೆಯ ಗೋಡೆಗೆ ಸಾಲಾಗಿ ಒಬ್ಬೊಬ್ಬರ ಹೆಸರಿನ ಚೀಟಿ ಅಂಟಿಸಿ, ಯಾವ ಜಾಗಕ್ಕೆ ಏನು ಬಡಿಸಬೇಕೆಂದು ನಿಗದಿ ಮಾಡಿದ. ಒಮ್ಮೆ ಹಸಿದು ಬಂದ ನಾನು ಹಲ್ಲಿಲ್ಲದ ಅಜ್ಜಿಯ ಜಾಗದಲ್ಲಿ ಕೂತೆ. ಹಾಲಲ್ಲಿ ಕಿವುಚಿದ ರೊಟ್ಟಿ ಬಂತು!

"ಕಾಕಾ, ನನಗ ಹಲ್ಲ ಅದಾವು!"

"ಖಾನೇಕ್ಕ ಇಲ್ಲಲ್ಲ!" ಎಂದ.

ಅವನ ಸ್ವಂತ ಜಾಗಕ್ಕೆ ಸಪ್ಪನೆ ಬೇಳೆ. ನಾಲಿಗೆಗೆ ಖಾರ ತಾಗಿದರೆ ಊರು ಕೇಳುವಂತೆ ಕೂಗುತ್ತಿದ್ದ. ಪಕ್ಕದ್ದು ನಮ್ಮ ಸೋದರಮಾವನ ಜಾಗ. ನನ್ನ ಅವ್ವನಿಗೆ ಅವನೊಬ್ಬನೇ ತಮ್ಮ. ಅವನು ತನ್ನೂರು ಬಾಲಗಾಂವದಿಂದ ಬಂದಾಗಲೆಲ್ಲ ಅಲ್ಲಿಗೆ ರಂಜಕ, ಅಂದರೆ ಬೆಂಕಿಯಂಥ ಕೆಂಪು ಚಟ್ನಿ.

ನನ್ನ ಮದುವೆ ಗೊತ್ತಾದ ವರ್ಷವೇ ಮಾವ ತೀರಿಹೋದ. ಅವನ ಚೀಟಿಯನ್ನು ಯಾರೂ ಕೀಳಲಿಲ್ಲ, ಆ ಜಾಗದಲ್ಲಿ ಯಾರೂ ಕೂರಲಿಲ್ಲ. ನಮ್ಮಲ್ಲಿ ಅಕ್ಷತೆ ಬೀಳುವಾಗ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ನನ್ನ ಹಿಂದೆ ಯಾರು? ಅವ್ವ ಅದನ್ನೇ ನೆನೆದು ಅಳುತ್ತಿದ್ದಳು.

ಮದುವೆಯ ದಿನ ಮನೆ ಮುಂದಿನ ಹಂದರದಲ್ಲಿ ಬೀಗರು ಕೇಳಿಯೇಬಿಟ್ಟರು: "ಹುಡುಗಿ ಮಾವ ಎಲ್ಲಿದ್ದಾರ್ರಿ?"

ತಿರುಗಿ ನೋಡಿದರೆ ಕಾಕಾ! ಸ್ವೆಟರ್ ಇಲ್ಲ. ತಲೆಗೆ ಮಾವ ಸುತ್ತುತ್ತಿದ್ದಂಥದೇ ಕೆಂಪು ರುಮಾಲು.

"ನೀ ಅಕಿ ಅಪ್ಪನ ತಮ್ಮ, ಮಾವ ಹೆಂಗಾಗ್ತಿಯೋ ಮಂಗ್ಯಾ?" ಎಂದು ಅಜ್ಜಿ ಗದರಿದಳು.

"ಈ ಜಾಗಾದಾಗ ನಿಂತಾಂವನ ಮಾವ, ಅವ್ವಾ. ಲಗೂನ ಅಕ್ಷತಿ ಹಾಕಸು."

ಅಕ್ಷತೆ ಬಿತ್ತು. ಬೆನ್ನ ಹಿಂದೆ ಒಬ್ಬರಿದ್ದಾರೆಂಬ ಧೈರ್ಯಕ್ಕೇ ನನಗೆ ಅಳು ಬಂತು.

ಊಟದ ಗದ್ದಲದಲ್ಲಿ ಅವ್ವ ದೂರದಿಂದ ಆ ಕೆಂಪು ರುಮಾಲು ಕಂಡು, ಹಳೆಯ ರೂಢಿಯಂತೆ ಕೂಗಿದಳು: "ತಮ್ಮಾ, ಉಣ್ಣಾಕ ಬಾ!" ಕೂಗಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

"ಬಂದ್ನಿ, ಅಕ್ಕಾ" ಎಂದ ಕಾಕಾ. ಅಷ್ಟು ವರ್ಷ ಅಣ್ಣನ ಹೆಂಡತಿಯೆಂದು ಅವಳನ್ನು "ವೈನಿ, ಬರ್ರಿ, ಕುಂದ್ರಿ" ಎಂದೇ ಮಾತಾಡಿಸಿದವನು.

ಅಡುಗೆಮನೆಗೆ ಹೋಗಿ ಮಾವನ ಚೀಟಿಯ ಕೆಳಗೆ ಕೂತ. ಅವ್ವ ರಂಜಕ ಬಡಿಸಿದಳು. ಅವನು ಬೇಡ ಎನ್ನಲಿಲ್ಲ. ರೊಟ್ಟಿಗೆ ಹಚ್ಚಿಕೊಂಡು ತುತ್ತು ತುತ್ತಾಗಿ ತಿಂದ. ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು.

"ಖಾರ ಭಾಳ ಆತೇನೋ, ತಮ್ಮಾ?"

"ಇಲ್ಲಕ್ಕಾ. ಇನ್ನೊಂದೀಟು ಹಾಕು."