ಬಲಸಾಲಿನ ಬೊಜ್ಜು

ಇಲಿಬೋನುಗಳಲ್ಲಿ ಹಾಸಿದ್ದ ಹಳೆಯ ಮರದ ಹೊಟ್ಟನ್ನು ಬಳಿದು ಹಾಕುತ್ತಿದ್ದ ಇಲಿಯಪ್ಪನ ಕೈ ಅಲ್ಲೇ ನಿಂತಿತು. ಎಡಸಾಲಿನ ಇಲಿಗಳು ಚಂಗನೆ ಹಾರುತ್ತಿದ್ದವು; ಬಲಸಾಲಿನವು ಉಂಡೆದ್ದ ಬೀಗರಂತೆ ಹೊಟ್ಟೆ ಚೆಲ್ಲಿ ಮಲಗಿದ್ದವು.

ಆಗಬೇಕಾದದ್ದು ಉಲ್ಟಾ. ಪ್ರಯೋಗಾಲಯದ ಮೇಡಂ ಎಡಸಾಲಿನವಕ್ಕೆ ಥೈರಾಯ್ಡ್ ಗ್ರಂಥಿಯ ಸಾರ ಚುಚ್ಚಿದ್ದರು. ರೋಗದ ವಿರುದ್ಧ ಹೋರಾಡುವ ಮೈಯ ಕಾವಲುಪಡೆ ತನ್ನದೇ ಗ್ರಂಥಿಯ ಮೇಲೆ ತಿರುಗಿಬಿದ್ದು, ಗ್ರಂಥಿ ಊದಿ, ಇಲಿಗಳು ಮಂಕಾಗಬೇಕು, ದಪ್ಪಗಾಗಬೇಕು. ಬಲಸಾಲಿನವು ಹೋಲಿಸಿ ನೋಡಲು ಇಟ್ಟ ಆರೋಗ್ಯವಂತ ಇಲಿಗಳು.

ಬಲದವು ಊದಿದ ಕಾರಣ ಇಲಿಯಪ್ಪನಿಗೆ ಗೊತ್ತು. ಎಡದವಕ್ಕೆ ಹೊರಗಿನದೇನೂ ಹಾಕಬಾರದು ಎಂದು ಮೇಡಂ ಹೇಳಿದ್ದರು. ಬಲದವುಗಳ ವಿಷಯ ಯಾರೂ ಎತ್ತಿರಲಿಲ್ಲ. ಅವು ಬಾಯಿ ನೋಡುತ್ತವಲ್ಲ ಎಂದು ತನ್ನ ಚಹಾದ ಬಿಸ್ಕತ್ತಿನಲ್ಲಿ ದಿನವೂ ಪಾಲು ಹಾಕಿದ್ದ.

ಸಿಕ್ಕಿಬಿದ್ದರೆ ಲೈಬ್ರರಿಗೆ ವರ್ಗ ಕೇಳಿದ್ದು ಮಣ್ಣುಪಾಲು. ಮೇಡಂ ಕಳುಹಿಸಬೇಕಾದ ಶಿಫಾರಸು ಪತ್ರ ತಿಂಗಳುಗಟ್ಟಲೆ ‘ನಾಳೆ’ಯಲ್ಲೇ ಇತ್ತು. ಮನೆಯಲ್ಲಿ ಹೆಂಡತಿ, ಇಲಿ ವಾಸನೆಯೆಂದು ಅವನ ಅಂಗಿಯನ್ನು ಬಾಗಿಲಾಚೆಯೇ ಕಳಚಿಸುತ್ತಿದ್ದಳು.

“ಓಡಿಸಯ್ಯಾ, ಕರಗುತ್ತೆ,” ಎಂದ ಊಟದ ಡಬ್ಬಿ ಹಿಡಿದು ಒಳಬಂದ ಉಗ್ರಾಣದವ, ಯಾರೂ ಕೇಳದಿದ್ದರೂ. “ನಮ್ಮ ಭಾವ ಹಂಗೇ ಇಳಿದಿದ್ದು.”

“ಎಷ್ಟು ದಿನ ಹಿಡೀತು?”

“ಎರಡು ವರ್ಷ.”

“ಮೇಡಂ ಇನ್ನೇನು ಬಂದುಬಿಡ್ತಾರೆ ಕಣೋ!”

“ಹಂಗಾದ್ರೆ ಜೋರಾಗಿ ಓಡಿಸು.”

ಇಲಿಯಪ್ಪ ಬಾಗಿಲು ಮುಂದೆ ಮಾಡಿ, ಎಲ್ಲಕ್ಕಿಂತ ದಢೂತಿ ಇಲಿಯನ್ನು ನೆಲಕ್ಕೆ ಬಿಟ್ಟ. ಅದು ಓಡಿತು, ನೇರವಾಗಿ ಉಗ್ರಾಣದವನ ಊಟದ ಡಬ್ಬಿಗೆ. ಮೇಡಂ ಬಂದಾಗ ಒಬ್ಬ ಬೆಂಚಿನ ಮೇಲೆ, ಇನ್ನೊಬ್ಬ ಬೆಂಚಿನ ಕೆಳಗೆ. ಇಲಿಯೊಂದೇ ನೆಮ್ಮದಿಯಾಗಿ ಊಟಕ್ಕೆ ಕುಳಿತಿತ್ತು.

“ಏನ್ರೀ ಇದು?”

ಇಲಿಯಪ್ಪ ಬಿಸ್ಕತ್ತಿನ ಕತೆಯನ್ನೆಲ್ಲ ಒಪ್ಪಿಸಿಬಿಟ್ಟ.

ಮೇಡಂ ನಕ್ಕರು. “ಎಡದವು ಹಾರ್ತಿರೋದು ಸರಿಯಾಗೇ ಇದೆ. ಊದಿದ್ದ ಗ್ರಂಥಿ ತಾನಾಗೇ ಇಳೀತಿದೆ, ರಕ್ತದಲ್ಲೂ ಗೊತ್ತಾಗ್ತಿದೆ. ಕೆಲವು ಸಲ ಈ ಕಾಯಿಲೆ ಹೀಗೂ ಸಾಗುತ್ತೆ. ಆದ್ರೆ ಈ ಬೊಜ್ಜು ಮಾತ್ರ ನಿಮ್ಮ ಕೊಡುಗೆ!”

ಅಲ್ಲೇ ಕುಳಿತು ಪತ್ರ ಬರೆದು, ಲಕೋಟೆಗೆ ತುರುಕಿ ಕೈಗಿತ್ತರು. “ನಿಮ್ಮ ವರ್ಗದ್ದೇ. ಅಂಟಿಸಿ ಅಂಚೆಗೆ ಹಾಕಿಬನ್ನಿ.”

ಗೇಟಿನ ಬಳಿ, ಅಂಟಿಸುವ ಮೊದಲು ಇಲಿಯಪ್ಪ ಪತ್ರವನ್ನು ಮೆಲ್ಲಗೆ ಇಣುಕಿ ಓದಿದ. ‘ಇವರನ್ನು ಲೈಬ್ರರಿಗೆ ಧಾರಾಳವಾಗಿ ಕರೆಸಿಕೊಳ್ಳಬಹುದು, ಬಲಸಾಲಿನ ಇಲಿಗಳೆಲ್ಲ ಮೊದಲಿನ ತೂಕಕ್ಕೆ ಇಳಿದ ದಿನ.’

ಅಷ್ಟೇ ತಾನೆ! ಅವನ ಮುಖ ಅರಳಿತು. ಇವತ್ತಿನಿಂದಲೇ ಬಿಸ್ಕತ್ತು ಬಂದ್.

ಬಲಗೈ ಪತ್ರವನ್ನು ಅಂಚೆಡಬ್ಬಿಯೊಳಗೆ ಜಾರಿಸುತ್ತಿದ್ದಾಗ, ಜೇಬಿನಲ್ಲಿದ್ದ ಎಡಗೈ ಸಂಜೆಯ ಬಿಸ್ಕತ್ತನ್ನು ಬಲಸಾಲಿಗೆಂದು ಆಗಲೇ ಸಣ್ಣಗೆ ಮುರಿಯುತ್ತಿತ್ತು.