ಒಂದು ಲೋಟ ನೀರಿನ ಪತ್ರಿಕಾಗೋಷ್ಠಿ

ಅಧಿಕಾರದಲ್ಲಿರುವವರು ತಮ್ಮನ್ನು ಬೈದು ಬರೆದದ್ದನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಶಾಂತವಾಗಿ ಓದಬೇಕು. ಪ್ರಜಾಪ್ರಭುತ್ವ ನಿಂತಿರುವುದೇ ಅದರ ಮೇಲೆ. ಇದು ನನ್ನ ಅಚಲ ನಂಬಿಕೆ. ಮದರಾಸಿನ ಮೈಲಾಪೂರಿನಲ್ಲಿ ಒಬ್ಬ ಕೌನ್ಸಿಲರ ಕಚೇರಿಯಲ್ಲಿ ನಾಲ್ಕು ವರ್ಷ ನಾನು ಮಾಡಿದ ಕೆಲಸವೆಂದರೆ, ಅವರು ಹಾಗೆ ಓದದಂತೆ ನೋಡಿಕೊಳ್ಳುವುದು.

ಬ್ಯಾಂಕಿನಿಂದ ನಿವೃತ್ತನಾಗಿ ಮನೆಯಲ್ಲಿ ಹೆಂಡತಿಗೆ ಅಡ್ಡವಾಗಿ ಕೂತಿದ್ದವನನ್ನು ಅವರು ಕರೆದದ್ದು ಪತ್ರಿಕೆಗಳನ್ನು ಕತ್ತರಿಸಿ ಫೈಲಿಗೆ ಅಂಟಿಸಲು. ಹೊಗಳಿದ್ದು ಮೇಲೆ, ಬೈದದ್ದು ಕೆಳಗೆ. ಅವರಿಗೆ ರಕ್ತದೊತ್ತಡವಿತ್ತು, ನನಗೆ ಹುಟ್ಟಾ ದಾಕ್ಷಿಣ್ಯ. ಹೀಗಾಗಿ ಕೆಳಗಿನ ಹಾಳೆಗಳನ್ನು ಕಾಫಿಯಾದ ಮೇಲೆ ಕೊಡುತ್ತಿದ್ದೆ. ಆಮೇಲೆ ಊಟವಾದ ಮೇಲೆ ಎಂದಾಯಿತು. ಕೊನೆಗೆ ಶನಿವಾರ ಎಂದಾಯಿತು. ಶನಿವಾರ ಅವರು ಕಚೇರಿಗೆ ಬರುತ್ತಿರಲಿಲ್ಲ. ಮನುಷ್ಯ ಕೆಟ್ಟವರೇನಲ್ಲ, ತಮ್ಮ ವಾರ್ಡಿನಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ಮನಸಾರೆ ನಂಬಿದ್ದರು, ಅಷ್ಟೇ.

ಆಗ ನಮ್ಮ ಬೀದಿಯ ನಲ್ಲಿಯಲ್ಲಿ ಚರಂಡಿ ಬರತೊಡಗಿತು. ಹಳೆಯ ಕೊಳವೆ ಎಲ್ಲೋ ಒಡೆದಿತ್ತು. ಮೇಲಿನ ಮನೆಯ ಮಗುವಿಗೆ ಒಂದೇ ತಿಂಗಳಲ್ಲಿ ಎರಡು ಸಲ ವಾಂತಿಭೇದಿಯಾಯಿತು. ನನ್ನ ಹೆಂಡತಿ ಪದ್ಮಾವತಿ ದಿನವೂ ಹೇಳಿದಳು, ನಾನು ದಿನವೂ ‘ನೋಡೋಣ’ ಎಂದೆ. ಒಂದು ಭಾನುವಾರ, ಬಾಗಿಲ ಕೆಳಗೆ ತೂರಿಸಿಹೋಗುವ ನಮ್ಮ ಬಡಾವಣೆಯ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಅವಳ ಪತ್ರ ಅಚ್ಚಾಗಿತ್ತು. ಪೂರ್ತಿ ಹೆಸರು, ಮನೆ ನಂಬರು ಸಮೇತ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ನಮ್ಮ ಮನೆತನದ ಹೆಸರು ಅಚ್ಚಾದದ್ದು ಅದೇ ಮೊದಲು, ಅದೂ ನನ್ನ ಧಣಿಯ ವಿರುದ್ಧ.

ಕತ್ತರಿಗೆ ಸಿಗುವ ಮೊದಲೇ ಅದನ್ನು ಯಾರೋ ಅವರ ಮೊಬೈಲಿಗೆ ಕಳಿಸಿಬಿಟ್ಟಿದ್ದರು. ಯಾರೀ ಹೆಂಗಸು, ಎದುರು ಪಾರ್ಟಿಯವಳೇ ಎಂದು ಕೇಳಿದರು. ವಿಚಾರಿಸುತ್ತೇನೆ ಎಂದೆ. ನಾನೂ ಅದೇ ಬೀದಿಯವನೆಂದು ಅವರಿಗೆ ಗೊತ್ತಿತ್ತು, ನನ್ನ ಮನೆ ನಂಬರಾಗಲಿ ಹೆಂಡತಿಯ ಹೆಸರಾಗಲಿ ಗೊತ್ತಿರಲಿಲ್ಲ. ಖಂಡನೆ ಬರೆಯಿರಿ ಎಂದರು. ಬರೆದೆ. ಆ ಬೀದಿಯ ನೀರು ನಿರ್ಮಲವಾಗಿದೆ, ಆರೋಪ ರಾಜಕೀಯಪ್ರೇರಿತ. ಮುಂದಿನ ಭಾನುವಾರ ಪದ್ಮಾವತಿ ಅದನ್ನು ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದಳು.

“ಇದ್ರಲ್ಲಿ ‘ಹೌಎವರ್’ ಮೂರು ಸಲ ಬಂದಿದೆ. ನೀವೇ ಬರ್ದಿದ್ದು ತಾನೆ?”

“ಅದು ಆಫೀಸಿನ ಕೆಲಸ ಕಣೆ.”

“ಸರಿ. ಆಫೀಸಿಗೆ ಮೂಗು ಇಲ್ಲ ಕಣ್ರೀ. ನಮಗಿದೆ.”

ಖಂಡನೆಗೆ ಬೀದಿಯವರ ಆರು ಉತ್ತರಗಳು ಬಂದವು. ಇಲ್ಲಿ ನನ್ನ ರಾಜನೀತಿ ಕೆಲಸ ಮಾಡಿತು. ಪತ್ರಕರ್ತರನ್ನು ಕರೆದು, ಅವರೆದುರು ಅದೇ ಬೀದಿಯಲ್ಲಿ ಒಂದು ಲೋಟ ನೀರು ಕುಡಿದುಬಿಡಿ ಎಂದು ಸಲಹೆ ಕೊಟ್ಟೆ. ಕೊಳವೆ ಬದಲಿಸಿ ಎನ್ನುವ ಸಲಹೆ ನನಗೆ ಹೊಳೆಯಲೇ ಇಲ್ಲ. ಅದು ಬೇರೆ ಇಲಾಖೆ. ಕೌನ್ಸಿಲರ ಲೋಟಕ್ಕೆ ಕ್ಯಾನ್ ನೀರು ತುಂಬಿ ಮೇಲೊಂದು ತಟ್ಟೆ ಮುಚ್ಚಿದವನೂ ನಾನೇ.

ಅವರು ಕುಡಿದರು, ನಕ್ಕರು, ಕ್ಯಾಮೆರಾಗಳು ಮಿಂಚಿದವು. ಆಗ ಕೇಬಲ್ ಟಿವಿಯ ಒಬ್ಬಳು ಹುಡುಗಿ, ಈ ಬೀದಿಯವರು ಯಾರಾದರೂ ಈಗಲೇ ನಲ್ಲಿಯಿಂದ ಹಿಡಿದು ಕುಡಿಯಲಿ ಎಂದಳು. ನೆರೆಯವರೆಲ್ಲ ತಮ್ಮ ತಮ್ಮ ಚಪ್ಪಲಿಗಳನ್ನು ಪರೀಕ್ಷಿಸತೊಡಗಿದರು. ಕೌನ್ಸಿಲರು ನನ್ನತ್ತ ತಿರುಗಿ, ತುಂಬ ಪ್ರೀತಿಯಿಂದ, “ರಾವ್ ಸಾರ್, ನೀಂಗಳೇ ಕುಡಿಚ್ಚಿಡುಂಗ” ಎಂದರು. ನೀವೇ ಕುಡಿದುಬಿಡಿ ಎನ್ನುವುದನ್ನು ತಮಿಳಿನಲ್ಲಿ ಅಷ್ಟು ಮೃದುವಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ನಲ್ಲಿ ತಿರುಗಿಸಿದೆ. ಲೋಟ ಮೂಗಿನ ಹತ್ತಿರ ಬರುವಾಗ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದ ಪದ್ಮಾವತಿ, “ಬ್ಯಾಡ ಕಣ್ರೀ, ಇಟ್ಬಿಡಿ” ಎಂದಳು. ಜೋರಾಗಿ ಹೇಳಲಿಲ್ಲ. ಅಷ್ಟು ಜನರಲ್ಲಿ ಅದು ನನಗೊಬ್ಬನಿಗೇ ಹೇಳಿದ ಮಾತು. ನಾಲ್ಕು ವರ್ಷ ಇನ್ನೊಬ್ಬರ ಕಿವಿ ಮುಚ್ಚಿ ಅಭ್ಯಾಸವಾಗಿದ್ದ ನಾನು, ಆ ದಿನ ನನ್ನದನ್ನೇ ಮುಚ್ಚಿಕೊಂಡು ಪೂರ್ತಿ ಲೋಟ ಕುಡಿದೆ. ಕುಡಿದು, ನಕ್ಕೂಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪದ್ಮಾವತಿ ಒಳಗೆ ಹೋಗಿದ್ದಳು.

ಮಾರನೆಯ ದಿನ ಪತ್ರಿಕೆಗಳಲ್ಲಿ ಕೌನ್ಸಿಲರ ಚಿತ್ರ ಚೆನ್ನಾಗಿ ಬಂದಿತ್ತು; ನನ್ನದು ಮೊಣಕೈವರೆಗೆ ಮಾತ್ರ. ಅದನ್ನು ಕತ್ತರಿಸಿ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಅಂಟಿಸಿದೆ. ಕೆಲವು ವಾರಗಳಲ್ಲಿ ಕಣ್ಣು ಹಳದಿಯಾಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಕೊಳವೆ ಬದಲಾಗಿಲ್ಲ.